ಮಕ್ಕಳ ಪಟ್ಟಿಯನ್ನು ಶ್ರುತಿ ನೋಡಿ ಮಾಡಿ

ಮಾನ್ಯ ಸಂಪಾದಕರೇ,

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ರಾಮೋತ್ಸವ ಸಮಿತಿಗಳ ರಸೀದಿ ಪುಸ್ತಕಗಳು ಹೊರಬರುತ್ತವೆ. ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಶುರು ಮಾಡಿದ ರಾಮನವಮಿ ಸಂಗೀತೋತ್ಸವದ ಹೆಸರು ಸಂಗೀತ ಕೇಳುವವರಿಗೆಲ್ಲ ಗೊತ್ತು. ಅದರ ಗಾಳಿ ತಗುಲಿಯೋ ಏನೋ, ಪುಟ್ಟ ರಾಮಮಂದಿರದ ಅಂಗಳ, ಪಾರ್ಕಿನ ಪಕ್ಕದ ಪೆಂಡಾಲು, ಸಮುದಾಯ ಭವನಗಳಲ್ಲೂ ಈ ದಿನಗಳಲ್ಲಿ ಸಂಗೀತ ಇದ್ದೇ ಇರುತ್ತದೆ. ಅದರಲ್ಲಿ ಒಂದೋ ಎರಡೋ ಸಂಜೆ 'ಬಡಾವಣೆಯ ಯುವ ಪ್ರತಿಭೆಗಳಿಗೆ' ಮೀಸಲು. ಈ ಪತ್ರ ಆ ಸಂಜೆಯ ಬಗ್ಗೆ ಮಾತ್ರ.

ಸಮಿತಿಯವರ ಉದ್ದೇಶದಲ್ಲಿ ದೋಷವಿಲ್ಲ, ದೋಷ ಇರುವುದು ಪಟ್ಟಿಯಲ್ಲಿ. ಮೊದಲು ಹೆಸರು ಕೊಟ್ಟವರು ಮೊದಲು, ಇಲ್ಲವೇ ಚಿಕ್ಕವರು ಮೊದಲು ದೊಡ್ಡವರು ಆಮೇಲೆ, ಇಲ್ಲವೇ ಪದಾಧಿಕಾರಿಗಳ ಮೊಮ್ಮಗಳು ಮುಖ್ಯ ಅತಿಥಿ ಬಂದು ಕೂತ ಮೇಲೆ, ಹೀಗೆ ಪಟ್ಟಿ ತಯಾರಾಗುತ್ತದೆ. ಶ್ರುತಿ, ಅಂದರೆ ಹಾಡಿಗೆ ಇಟ್ಟುಕೊಳ್ಳುವ ಆಧಾರ ಷಡ್ಜದ ಎತ್ತರ, ಯಾವುದೆಂದು ಯಾರೂ ಕೇಳುವುದಿಲ್ಲ. ನಮ್ಮ ಮುಖ್ಯ ಕೋರಿಕೆ ಒಂದೇ: ಪಟ್ಟಿಯನ್ನು ಶ್ರುತಿ ನೋಡಿ ಮಾಡಿ.

ಏಕೆಂದು ಹೇಳುತ್ತೇವೆ. ಶ್ರುತಿಯ ಅಂಕೆ ಎಂದರೆ ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆ, ಅರ್ಧ ಎಂದರೆ ಅದರ ಮುಂದಿನ ಕಪ್ಪು ಮನೆ. ಅಂಕೆ ಹೆಚ್ಚಿದಷ್ಟೂ ಶ್ರುತಿ ಹೆಚ್ಚು. ಎಂಟು ಹತ್ತು ವರ್ಷದ ಮಕ್ಕಳು, ಹೆಣ್ಣುಮಕ್ಕಳು ಸಾಮಾನ್ಯವಾಗಿ ಐದು, ಐದೂವರೆ, ಆರರ ಶ್ರುತಿಯಲ್ಲಿ ಹಾಡುತ್ತಾರೆ. ದನಿ ಒಡೆದ ಹುಡುಗರು ಒಂದು, ಒಂದೂವರೆ, ಎರಡಕ್ಕೆ ಇಳಿದಿರುತ್ತಾರೆ. ವೀಣೆ ಮೂರರ ಆಸುಪಾಸು. ಕೊಳಲು ಯಾವ ಶ್ರುತಿಯ ಬಿದಿರೋ ಅದೇ ಶ್ರುತಿ, ತಿರುಗಿಸಲು ಅದಕ್ಕೆ ಬಿರಡೆ ಇಲ್ಲ. ಇಷ್ಟಕ್ಕೂ ಒಂದೇ ಮೃದಂಗ ಬಗ್ಗುವುದಿಲ್ಲ. ಹೆಚ್ಚು ಶ್ರುತಿಯ ಮೃದಂಗ ಗಿಡ್ಡ, ಸುಮಾರು 22 ಅಂಗುಲ. ತಗ್ಗು ಶ್ರುತಿಯದು ಉದ್ದ, ಸುಮಾರು 24 ಅಂಗುಲ. ಒಂದು ಮೃದಂಗವನ್ನು ಅರ್ಧ ಮನೆ ಏರಿಸಬಹುದು, ಅರ್ಧ ಮನೆ ಇಳಿಸಬಹುದು. ಅದಕ್ಕಿಂತ ಹೆಚ್ಚು ಎಳೆದರೆ ನಾದ ಕಟ್ಟಿಕೊಳ್ಳುತ್ತದೆ, ಹೆಚ್ಚು ಸಡಿಲಿಸಿದರೆ ಹಲಗೆ ಬಡಿದಂತಾಗುತ್ತದೆ.

ಆ ಅರ್ಧ ಮನೆಯ ಬದಲಾವಣೆಯಾದರೂ ಚಿಟಿಕೆ ಹೊಡೆದಷ್ಟು ಸುಲಭವಲ್ಲ. ಬಲದ ಮುಚ್ಚಿಗೆಯ (ಚರ್ಮದ ಹೊದಿಕೆಯ) ಸುತ್ತ ಬಾರು ಹಾದು ಹೋಗುವ 16 ಕಣ್ಣುಗಳಿವೆ. ಅಂಚಿನ ಹೆಣಿಗೆಯ ಮೇಲಿಂದ ಗುಂಡುಕಲ್ಲಿನ ಏಟು ಬಿದ್ದರೆ ಶ್ರುತಿ ಏರುತ್ತದೆ, ಕೆಳಗಿನಿಂದ ಮೇಲಕ್ಕೆ ಕೊಟ್ಟರೆ ಇಳಿಯುತ್ತದೆ. ಒಂದು ಕಡೆ ಏಟು ಕೊಟ್ಟರೆ ಎದುರಿನ ಕಡೆಯೂ ಸರಿಮಾಡಬೇಕು, ಇಲ್ಲದಿದ್ದರೆ ಕರಣೆಯ (ನಡುವಿನ ಕಪ್ಪು ಲೇಪದ) ಒಂದು ಬದಿ ಒಂದು ಸ್ವರ, ಇನ್ನೊಂದು ಬದಿ ಇನ್ನೊಂದು. ಸುತ್ತಲೂ ಬೆರಳು ಹೊಡೆದು ಕೇಳಿ, ಸರಿಮಾಡಿ, ಮತ್ತೆ ಕೇಳಿ ಮುಗಿಸಲು ಪಳಗಿದ ಕೈಗೂ ಮೂರು ನಾಲ್ಕು ನಿಮಿಷ ಬೇಕು. ಹದಿನಾಲ್ಕು ವರ್ಷದ ಹುಡುಗನೊಬ್ಬ ಮೃದಂಗಕ್ಕೆ ಕೂತಿದ್ದರೆ, ನಿರೂಪಕರು ಮೈಕಿನಲ್ಲಿ 'ಇನ್ನೇನು ಶುರುವಾಗಲಿದೆ' ಎನ್ನುತ್ತಿದ್ದರೆ, ಆ ಹುಡುಗ ಎಂಟು ಕಣ್ಣು ನೋಡಿ ಬಿಟ್ಟುಬಿಡುತ್ತಾನೆ. ಮುಂದಿನ ಹಾಡು ಪೂರ್ತಿ ಮೃದಂಗ ಒಂದು ದಿಕ್ಕು, ತಂಬೂರಿ ಇನ್ನೊಂದು ದಿಕ್ಕು. ಸಭೆಯಲ್ಲಿದ್ದವರು ಮಗುವಿಗೆ ಶ್ರುತಿ ಇಲ್ಲ ಎಂದುಕೊಂಡು ಎದ್ದು ಹೋಗುತ್ತಾರೆ.

ಪಿಟೀಲಿನ ಪಾಡೂ ಅದೇ. ಒಂದರ ಶ್ರುತಿಯಿಂದ ಐದೂವರೆಗೆ ಹೋಗಬೇಕೆಂದರೆ ನಾಲ್ಕೂ ತಂತಿಯ ಎಳೆತ ಬದಲಾಗಬೇಕು. ಅವಸರದಲ್ಲಿ ಏರಿಸಿದ ಸಣ್ಣ ತಂತಿ ಕಿತ್ತುಕೊಳ್ಳುತ್ತದೆ. ಕಿತ್ತುಕೊಳ್ಳದಿದ್ದರೂ ಹೊಸ ಎಳೆತಕ್ಕೆ ಒಗ್ಗುವ ತನಕ ಸ್ವಲ್ಪ ಸ್ವಲ್ಪವೇ ಇಳಿಯುತ್ತಿರುತ್ತದೆ. ಒಂದೇ ಸಂಜೆಯಲ್ಲಿ ಐದೂವರೆ, ಒಂದು, ಐದು, ಎರಡು, ಆರು ಎಂದು ಕುಣಿಸಿದರೆ ಯಾವ ಪಿಟೀಲೂ ನಿಲ್ಲುವುದಿಲ್ಲ.

ಹಾಗಾಗಿ ಆರರಿಂದ ಶುರು ಮಾಡಿ ಐದೂವರೆ, ಐದು, ನಾಲ್ಕೂವರೆ ಎಂದು ಇಳಿಯುತ್ತಾ ಬನ್ನಿ. ಆಮೇಲೆ ಹತ್ತು ನಿಮಿಷ ಬಿಡುವು ಕೊಡಿ. ಆ ಬಿಡುವಿನಲ್ಲಿ ಮೃದಂಗ ಬದಲಾಗಲಿ, ಪಿಟೀಲು ತಂತಿ ಇಳಿಸಿಕೊಳ್ಳಲಿ, ಸಮಿತಿಯವರಿಗೆ ಹೇಳುವುದೇನಾದರೂ ಇದ್ದರೆ ಹೇಳಿ ಮುಗಿಸಲಿ. ಬಳಿಕ ವೀಣೆ, ಕೊನೆಗೆ ಎರಡು, ಒಂದರ ಹುಡುಗರು. ಮೇಲಿಂದ ಕೆಳಗೆ ಬರುವುದರಲ್ಲಿ ಇನ್ನೊಂದು ಅನುಕೂಲವಿದೆ. ಹೊತ್ತು ಮುಳುಗಿ ತೇವ ಇಳಿದರೆ ಚರ್ಮ ತಾನಾಗಿ ಸ್ವಲ್ಪ ಸಡಿಲವಾಗುತ್ತದೆ, ನಾವು ಹೋಗುತ್ತಿರುವ ದಿಕ್ಕಿಗೇ ಅದೂ ಬರುತ್ತದೆ. ಚಿಕ್ಕ ಮಕ್ಕಳೆಲ್ಲ ಹೆಚ್ಚು ಶ್ರುತಿಯವರೇ ಆದ್ದರಿಂದ ನಿದ್ದೆ ಬರುವ ಮೊದಲೇ ಅವರ ಸರದಿಯೂ ಮುಗಿದಿರುತ್ತದೆ. ವಯಸ್ಸಿನ ಪಟ್ಟಿ ಮಾಡಿ ಏನು ಸಾಧಿಸಬೇಕೆಂದಿದ್ದರೋ ಅದು ಇಲ್ಲಿ ಪುಕ್ಕಟೆ ಸಿಗುತ್ತದೆ.

ಅರ್ಜಿಯಲ್ಲಿ ಈಗ ಕೇಳುವುದು ಹೆಸರು, ವಯಸ್ಸು, ಶಾಲೆ, ಗುರುಗಳ ಹೆಸರು, ಎರಡು ಭಾವಚಿತ್ರ. ಭಾವಚಿತ್ರ ಫ್ಲೆಕ್ಸಿಗೆ. ಅದರ ಜತೆ ಶ್ರುತಿಯ ಅಂಕಣ ಬೇಕು, ಅರ್ಧವಿದ್ದರೆ ಅರ್ಧವನ್ನೂ ಬರೆಸಬೇಕು. 'ಐದು' ಎಂದು ಬರೆದು ವೇದಿಕೆಯಲ್ಲಿ ಐದೂವರೆಗೆ ತಂಬೂರಿ ಇಟ್ಟುಕೊಳ್ಳುವವರು ಬೇಕಾದಷ್ಟಿದ್ದಾರೆ. ಹಾಡುವ ಕೃತಿ, ರಾಗ, ತಾಳ, ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ಎಲ್ಲಿ, ಎಷ್ಟು ನಿಮಿಷ, ಸ್ವರಪ್ರಸ್ತಾರ ಇದೆಯೋ ಇಲ್ಲವೋ, ಇವೂ ಬೇಕು. ಪಕ್ಕವಾದ್ಯಕ್ಕೆ ಕೂರುವ ಮಗುವಿಗೆ ಈ ಪಟ್ಟಿ ಒಂದು ವಾರ ಮೊದಲು ಸಿಕ್ಕರೆ ಅದು ಮನೆಯಲ್ಲಿ ಒಮ್ಮೆ ನುಡಿಸಿ ನೋಡುತ್ತದೆ. ವೇದಿಕೆಗೆ ಬಂದ ಮೇಲೆ 'ಖಂಡಛಾಪು, ಎಡುಪು ಸಮದಲ್ಲಿಲ್ಲ' ಎಂದು ಕಿವಿಯಲ್ಲಿ ಉಸುರಿದರೆ ದೊಡ್ಡವರೇ ಒಂದು ಆವರ್ತ ತಡವರಿಸುತ್ತಾರೆ.

ಅದೇ ಅರ್ಜಿಯಲ್ಲಿ 'ಮಧ್ಯಮ ಶ್ರುತಿಯ ಹಾಡು ಇದೆಯೇ' ಎಂದೂ ಕೇಳಿಡಿ. ಪುನ್ನಾಗವರಾಳಿ, ಕುರಂಜಿ, ನವರೋಜ್, ಝಂಝೂಟಿಯಂಥ ರಾಗಗಳನ್ನು ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುವ ರೂಢಿಯಿದೆ. ತಂಬೂರಿಯಲ್ಲಿ ಪಂಚಮದ ಬದಲು ಮಧ್ಯಮ ಇಡಬೇಕು. ದೊಡ್ಡ ಕಛೇರಿಯಲ್ಲಿ ಇದನ್ನು ಕೊನೆಗೆ ಇಡುವುದೇ ಅದಕ್ಕಾಗಿ. ಮಗುವಿನ ಕಾರ್ಯಕ್ರಮದ ನಡುವೆ ಇಂಥದ್ದೊಂದು ಬಂದು, ಎಲೆಕ್ಟ್ರಾನಿಕ್ ತಂಬೂರಿಯ ಗುಂಡಿ ಯಾರಿಗೂ ಗೊತ್ತಿಲ್ಲದೆ, ಮುಂದಿನ ಮಗುವೂ ಮಧ್ಯಮದಲ್ಲೇ ಹಾಡಿ ಒದ್ದಾಡುವುದು ಹೊಸತಲ್ಲ. ತಂಬೂರಿ ನೋಡಿಕೊಳ್ಳಲೆಂದೇ ವೇದಿಕೆಯ ಪಕ್ಕ ಒಬ್ಬರು ಇರಲಿ. ಮೊಬೈಲಿನ ತಂಬೂರಿ ಇಟ್ಟರೆ ಏರೋಪ್ಲೇನ್ ಮೋಡ್ ಮರೆಯಬಾರದು, ಆಲಾಪನೆಯ ಮಧ್ಯೆ ಯಾರದೋ ರಿಂಗ್‌ಟೋನು ಪೆಂಡಾಲಿಗೆಲ್ಲ ಕೇಳಿಸುತ್ತದೆ. ನಮ್ಮ ಮಟ್ಟಿಗೆ ಬ್ಯಾಟರಿ ಇರುವ ಪೆಟ್ಟಿಗೆ ತಂಬೂರಿಯೇ ಮೇಲು. ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ, ತಂಬೂರಿ ನಿಲ್ಲದಿದ್ದರೆ ಮಗುವೂ ನಿಲ್ಲುವುದಿಲ್ಲ. 'ಮೈಕ್ ಸತ್ತರೂ ಹಾಡು ನಿಲ್ಲಿಸಬೇಡ' ಎಂದು ಮೊದಲೇ ಹೇಳಿಟ್ಟರೆ ಸಾಕು.

ಈಗ ಹೊತ್ತಿನ ಲೆಕ್ಕ. ಸಂಜೆ 5ರಿಂದ 9 ಎಂದರೆ 240 ನಿಮಿಷ. 28 ಮಕ್ಕಳಿಗೆ ತಲಾ 5 ನಿಮಿಷ ಕೊಟ್ಟರೆ 140. ಒಬ್ಬರು ಇಳಿದು ಇನ್ನೊಬ್ಬರು ಹತ್ತಿ ಕೂರಲು ಎರಡೂವರೆ ನಿಮಿಷವೆಂದರೂ ಸುಮಾರು 70. ಸಭಾ ಕಾರ್ಯಕ್ರಮ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆಗೆ 40. ಅಲ್ಲಿಗೆ 250 ಆಯಿತು. ಉದ್ಘಾಟನೆ ತಡವಾಗುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಆಮೇಲೆ ಕತ್ತರಿ ಬೀಳುವುದು ಭಾಷಣಕ್ಕಲ್ಲ, ಕೊನೆಯ ಆರು ಮಕ್ಕಳಿಗೆ: 'ಪಲ್ಲವಿ, ಒಂದು ಚರಣ ಸಾಕು ಪುಟ್ಟಾ'. ಆರು ತಿಂಗಳು ಅಭ್ಯಾಸ ಮಾಡಿ, ಬೆಳಗ್ಗಿನಿಂದ ರೇಷ್ಮೆ ಲಂಗ ಉಟ್ಟು ಕೂತ ಮಗು ಅದು.

ಅದೇ 28 ಮಕ್ಕಳನ್ನು ಬೇರೆ ರೀತಿ ಹಂಚಿ. ಗೀತೆ, ಸ್ವರಜತಿಯ ಹಂತದಲ್ಲಿರುವ 12 ಮಕ್ಕಳಿಗೆ ಗೋಷ್ಠಿಗಾಯನ. ಪುರಂದರದಾಸರ ಪಿಳ್ಳಾರಿ ಗೀತೆ ಎರಡು, ಒಂದು ಸ್ವರಜತಿ, ಎರಡು ದೇವರನಾಮ, 20 ನಿಮಿಷ. ಒಬ್ಬೊಬ್ಬರನ್ನೇ ಕೂರಿಸಿ ಹೆದರಿಸುವುದಕ್ಕಿಂತ ಇದು ಕಿವಿಗೂ ಹಿತ, ಮಕ್ಕಳಿಗೂ ಖುಷಿ. ಉಳಿದ 16 ಮಂದಿಯನ್ನು ಎರಡು ಸಂಜೆಗೆ ಎಂಟೆಂಟರಂತೆ ಹಾಕಿ, ತಲಾ 18 ನಿಮಿಷ ಕೊಡಿ. ಒಂದು ಸಂಜೆಗೆ 144 ಆಯಿತು. ನಡುವಿನ ಏಳು ಬದಲಾವಣೆಗೆ ನಾಲ್ಕು ನಿಮಿಷದಂತೆ 28. ಗೋಷ್ಠಿ 20, ಶ್ರುತಿ ಬದಲಿಸುವ ಬಿಡುವು 10, ಸಭೆಗೆ 15. ಒಟ್ಟು 217. ಇನ್ನೂ 23 ನಿಮಿಷ ಕೈಯಲ್ಲಿರುತ್ತದೆ, ತಡವಾಗಿ ಬರುವ ಅತಿಥಿಗಳಿಗೆ ಅಷ್ಟು ಸಾಕು.

18 ನಿಮಿಷ ದೊಡ್ಡದಾಯಿತು ಎನ್ನುವವರಿದ್ದಾರೆ. ಆದಿತಾಳದ ವರ್ಣವೊಂದನ್ನು ಎರಡು ಕಾಲದಲ್ಲಿ ಹಾಡಲೇ ಐದಾರು ನಿಮಿಷ ಬೇಕು. ಎರಡು ನಿಮಿಷ ಆಲಾಪನೆ, ಒಂದು ಮಧ್ಯಮಕಾಲದ ಕೃತಿ, ನಾಲ್ಕು ಸುತ್ತು ಸ್ವರ ಸೇರಿದರೆ ಒಂಬತ್ತು. ಒಂದು ಸಣ್ಣ ದೇವರನಾಮ ಮೂರು. ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ ಮಗು ತಾನು ಕಲಿತದ್ದನ್ನು ತೋರಿಸಲು ಇಷ್ಟಾದರೂ ಬೇಕು. ಐದು ನಿಮಿಷದಲ್ಲಿ ದನಿ ಬಿಸಿಯೂ ಆಗಿರುವುದಿಲ್ಲ. ಪೂರ್ತಿ ತನಿ ಆವರ್ತನ (ಮೃದಂಗವೊಂದೇ ನುಡಿಯುವ ಭಾಗ) ಬೇಡ, ಆದರೆ ಮೃದಂಗದ ಮಗುವಿಗೆ ಸಂಜೆಯಲ್ಲಿ ಒಂದು ಸಲ, ಬಿಡುವಿಗೆ ಮುಂಚಿನ ಕೃತಿಯಲ್ಲಿ, ಮೂರು ನಿಮಿಷ ಬಿಟ್ಟುಕೊಡಿ. ಕೈಯಲ್ಲಿ ಉಳಿದ 23ರಲ್ಲಿ ಅದು ಸಲೀಸಾಗಿ ಹಿಡಿಸುತ್ತದೆ.

ದನಿ ಒಡೆಯುತ್ತಿರುವ ಹುಡುಗರ ಬಗ್ಗೆ ಒಂದು ಮಾತು. ಹದಿಮೂರು, ಹದಿನಾಲ್ಕರ ಹುಡುಗ ಕಳೆದ ವರ್ಷ ಐದರಲ್ಲಿ ಹಾಡಿದ್ದನೆಂದು ಈ ವರ್ಷವೂ ಐದರಲ್ಲೇ ಹಾಡಿಸಬಾರದು. ತಾರಷಡ್ಜಕ್ಕೆ ಹೋಗುವಾಗ ದನಿ ಸೀಳುತ್ತದೆ, ಸಭೆಯಲ್ಲಿ ನಗು ಕೇಳಿದರೆ ಅವನು ಮತ್ತೆ ಬಾಯಿ ತೆರೆಯುವುದಿಲ್ಲ. ಗೋಷ್ಠಿಯಲ್ಲಿ ಒಂದು ಸ್ಥಾಯಿ ಕೆಳಗೆ ಹಾಡಲಿ, ಇಲ್ಲವೇ ಆ ವರ್ಷ ತಾಳ ಹಾಕಲಿ, ಮೋರ್ಚಿಂಗ್ (ಬಾಯಿಗಿಟ್ಟು ಮೀಟುವ ಸಣ್ಣ ತಾಳವಾದ್ಯ) ಹಿಡಿಯಲಿ. ಇದನ್ನು ನಿರ್ಧರಿಸಬೇಕಾದವರು ಗುರುಗಳು. ಸಮಿತಿ 'ಕಳೆದ ಸಲ ಎಷ್ಟು ಚೆನ್ನಾಗಿ ಹಾಡಿದ್ದ' ಎಂದು ಒತ್ತಾಯಿಸದಿದ್ದರೆ ಸಾಕು.

ಮೈಕ್‌ಸೆಟ್‌ಗೆ ಬರೋಣ. ಅರ್ಧ ಸಂಜೆ ಕೆಡುವುದು ಇಲ್ಲಿ. ಪೆಂಡಾಲಿಗೆ ಬರುವ ಮೈಕ್‌ಸೆಟ್‌ನವರು ಆರ್ಕೆಸ್ಟ್ರಾ, ಮದುವೆ, ರಾಜಕೀಯ ಸಭೆಗಳಲ್ಲಿ ಪಳಗಿದವರು. ಎಕೋ ಗುಂಡಿ ಅರ್ಧಕ್ಕೆ ತಿರುಗಿಸಿ, ಬೇಸ್ ಏರಿಸಿಯೇ ಅವರು ಕೆಲಸ ಶುರು ಮಾಡುವುದು. ಶಾಸ್ತ್ರೀಯಕ್ಕೆ ಎಕೋ ಸೊನ್ನೆ ಇರಬೇಕು. ಎಕೋ ಇದ್ದರೆ ಸ್ವರ ಒಂದರ ಮೇಲೊಂದು ಬಿದ್ದು ಮಗುವಿಗೆ ತಾನು ಹಾಡಿದ್ದು ತನಗೇ ತಿಳಿಯುವುದಿಲ್ಲ, ಕಾಲ ಎಳೆಯುತ್ತದೆ. ಬೇಕಾಗುವುದು ಹಾಡುವವರಿಗೆ ಒಂದು ಮೈಕ್, ಪಿಟೀಲಿಗೆ ಒಂದು, ಮೃದಂಗದ ಬಲ ಎಡಕ್ಕೆ ಒಂದೊಂದು, ತಂಬೂರಿಗೆ ಒಂದು ಲೈನ್, ಕೈಗೊಂದು ಬದಲಿ. ನಿರೂಪಕರ ಮೈಕ್ ಬೇರೆಯೇ ಇರಲಿ, ಅದನ್ನು ಹಾಡಿನ ಹೊತ್ತಿನಲ್ಲಿ ಮುಚ್ಚಿಡಲಿ.

ಮಾನಿಟರ್ ಎರಡು ಬೇಕು. ಇದನ್ನು ಮಾತ್ರ ಬಿಟ್ಟುಕೊಡಬೇಡಿ. ದೊಡ್ಡ ಸ್ಪೀಕರುಗಳು ಜನರ ಕಡೆ ಮುಖ ಮಾಡಿರುತ್ತವೆ. ವೇದಿಕೆಯಲ್ಲಿ ಕೂತ ಮಗುವಿಗೆ ಕೇಳುವುದು ತಡವಾಗಿ ಹಿಂದಿರುಗಿದ ಸದ್ದು ಮಾತ್ರ. ಹಾಗಾದಾಗ ಮಗು ಕಿರುಚಿ ಹಾಡುತ್ತದೆ, ಶ್ರುತಿ ಮೇಲಕ್ಕೆ ಜಾರುತ್ತದೆ. ಹಾಡುವವರ ಮುಂದಿನ ಮಾನಿಟರಿನಲ್ಲಿ ತಂಬೂರಿ ಚೆನ್ನಾಗಿ ಕೇಳಬೇಕು, ಹೊರಗಿನ ಸ್ಪೀಕರಿನಲ್ಲಿ ಅದು ಇದ್ದೂ ಇಲ್ಲದಂತಿರಬೇಕು. ಸಾಮಾನ್ಯವಾಗಿ ಆಗುವುದು ಇದಕ್ಕೆ ಉಲ್ಟಾ. ಮಾನಿಟರಿನ ಬಾಯಿ ಮೈಕಿನ ಬಾಯಿಗೆ ನೇರ ನೋಡಿದರೆ ಕೂಯ್ ಎಂದು ಕಿರುಚುತ್ತದೆ, ಮೈಕಿನ ಬೆನ್ನಿಗೆ ಮಾನಿಟರ್ ಇಡಬೇಕು. ಕಿರುಚಿದಾಗ ಮಗು ಹೆದರಿ ಕೈಯಿಂದ ಮೈಕ್ ಮುಚ್ಚಿದರೆ ಇನ್ನೂ ಜೋರಾಗುತ್ತದೆ.

ನೆಲದಲ್ಲಿ ಕೂತು ಹಾಡುವ ಎಂಟು ವರ್ಷದ ಮಗುವಿಗೆ ಗಿಡ್ಡ ಸ್ಟ್ಯಾಂಡು ಬೇಕು. ನಿಂತು ಭಾಷಣ ಮಾಡುವ ಸ್ಟ್ಯಾಂಡನ್ನೇ ಬಗ್ಗಿಸಿ ಇಟ್ಟರೆ ಅದು ಹಾಡಿನ ನಡುವೆ ನಿಧಾನವಾಗಿ ತಲೆ ಬಾಗಿಸುತ್ತಾ ಮಗುವಿನ ಮಡಿಲಿಗೆ ಬರುತ್ತದೆ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಗದ್ದಕ್ಕಿಂತ ಸ್ವಲ್ಪ ಕೆಳಗೆ. ಮುಖ ಜನರಿಗೆ ಕಾಣುತ್ತದೆ, ಉಸಿರಿನ ಸದ್ದೂ ಬರುವುದಿಲ್ಲ. ಫ್ಯಾನಿನ ಗಾಳಿ ನೇರ ಮೈಕಿಗೆ ಬಡಿಯದಂತೆ ನೋಡಿ. ಸೀರಿಯಲ್ ಲೈಟಿನ ವೈರೂ ಮೈಕಿನ ವೈರೂ ಜತೆಜತೆಯಾಗಿ ಹೋಗಬಾರದು, ಗುಂಯ್ ಎನ್ನುವ ಸದ್ದಿಗೆ ಬಹುಪಾಲು ಅದು ಅಥವಾ ಅರ್ಥಿಂಗ್ ಇಲ್ಲದಿರುವುದು ಕಾರಣ. ಪರೀಕ್ಷೆ ಮಾಡುವಾಗ 'ಹಲೋ ಚೆಕ್' ಎಂದರೆ ಏನೂ ತಿಳಿಯುವುದಿಲ್ಲ. ತಂಬೂರಿ ಹಾಕಿ ದೊಡ್ಡ ಹುಡುಗಿಯೊಬ್ಬಳಿಂದ ಐದೂವರೆ ಶ್ರುತಿಯಲ್ಲಿ ತಾರಸ್ಥಾಯಿಯ ಪಂಚಮದ ತನಕ ಹಾಡಿಸಿ. ಅಲ್ಲಿ ಒಡೆಯದಿದ್ದರೆ ಎಲ್ಲೂ ಒಡೆಯುವುದಿಲ್ಲ.

ಸದ್ದಿನ ಕಾನೂನು ಎಲ್ಲರಿಗೂ ಗೊತ್ತಿರುವುದೇ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಬಯಲಿನಲ್ಲಿ ರಾತ್ರಿ 10ರ ಬಳಿಕ ಧ್ವನಿವರ್ಧಕ ಇಲ್ಲ, ಪೊಲೀಸರ ಅನುಮತಿ ಬರಹದಲ್ಲಿ ಬೇಕು. ಒಂದೆರಡು ಹಾರ್ನುಗಳನ್ನು ಕಂಬಕ್ಕೆ ಕಟ್ಟಿ ಮೂರು ಬೀದಿ ಆಚೆಗೆ ಕೇಳಿಸುವ ಬದಲು ಪೆಂಡಾಲಿನ ಒಳಗೇ ಎರಡು ಕಾಲಮ್ ಸ್ಪೀಕರ್ ಇಡಿ. ಪಕ್ಕದ ಮನೆಯಲ್ಲೂ ಎಸ್ಸೆಸ್ಸೆಲ್ಸಿ ಓದುವ ಮಗು ಇರುವ ಕಾಲ ಅದು.

ವೀಣೆಗೆ ಬೇರೆ ಎಚ್ಚರಿಕೆ ಬೇಕು. ಅದರ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಸಂಜೆ ನಾಲ್ಕಕ್ಕೇ ತಂದು ತಗಡಿನ ಚಾವಣಿಯ ಕೆಳಗೋ ಫೋಕಸ್ ಲೈಟಿನ ಎದುರೋ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ, ಆಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲ. ನೆರಳಿರುವ ಒಳಕೋಣೆಯೊಂದರಲ್ಲಿ ಇಡಲು ಜಾಗ ಕೊಡಿ. ಮೃದಂಗದವರಿಗೆ ಒಂದು ಬಟ್ಟಲು ನೀರು, ಒಂದು ಹಿಡಿ ಸಣ್ಣ ರವೆ ಇಡಿ. ಎಡದ ಮುಚ್ಚಿಗೆಗೆ ಅವರು ರವೆ ಕಲಸಿ ಮೆತ್ತುತ್ತಾರೆ, ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಅದು ಒಣಗಿ ಬಿರಿಯುತ್ತದೆ, ಮತ್ತೆ ಒದ್ದೆ ಮಾಡಬೇಕು. ವೇದಿಕೆ ಗುಡಿಸುವ ಹುಡುಗರು ಆ ರವೆಯ ಉಂಡೆಯನ್ನು ಉಪ್ಪಿಟ್ಟಿನ ಚೂರೆಂದು ಎಸೆಯದಂತೆ ನೋಡಿಕೊಳ್ಳಿ.

ಹುಬ್ಬಳ್ಳಿ–ಧಾರವಾಡದ ಕಡೆ ಮಕ್ಕಳ ಹಿಂದೂಸ್ತಾನಿ ಬೈಠಕ್ ಇಡುವವರಿಗೂ ಲೆಕ್ಕ ಇದೇ. ಅಲ್ಲಿ ಕಪ್ಪು ಒಂದು, ಬಿಳಿ ಐದು ಎಂದು ಹಾರ್ಮೋನಿಯಂನ ಮನೆಯಿಂದ ಹೇಳುತ್ತಾರೆ. ಅಗಲ ಬಾಯಿಯ ತಬಲಾ ಒಂದು, ಸಣ್ಣ ಬಾಯಿಯದೊಂದು ತರುವಂತೆ ತಬಲಾದವರಿಗೆ ಮೊದಲೇ ಹೇಳಿದರೆ ವೇದಿಕೆಯ ಮೇಲೆ ಸುತ್ತಿಗೆಯ ಸದ್ದು ಕಡಿಮೆಯಾಗುತ್ತದೆ.

ಹಣದ ವಿಷಯ ಹೇಳದೆ ಮುಗಿಸುವಂತಿಲ್ಲ. 'ಪಕ್ಕವಾದ್ಯದ ಖರ್ಚು ಪೋಷಕರದ್ದು' ಎನ್ನುವ ಷರತ್ತು ಈಗ ಹಲವು ಕಡೆ ಇದೆ. ಇದರ ಪರಿಣಾಮ ಎರಡು. ಕೈಲಾಗದ ಮನೆಯ ಮಕ್ಕಳು ಹೆಸರೇ ಕೊಡುವುದಿಲ್ಲ. ಹೆಸರು ಕೊಟ್ಟ ಎಂಟು ಮಕ್ಕಳ ಜತೆ ಎಂಟು ಮೃದಂಗ, ಎಂಟು ಪಿಟೀಲು ಬರುತ್ತವೆ, ಪ್ರತಿ ಸಲವೂ ಮೈಕ್ ಹೊಸದಾಗಿ ಹೊಂದಿಸಬೇಕು. ಸಂಜೆಗೆ ಇಬ್ಬರು ಪಿಟೀಲು, ಇಬ್ಬರು ಮೃದಂಗದವರನ್ನು ಸಮಿತಿಯೇ ಗೊತ್ತು ಮಾಡಿ ಸಂಭಾವನೆ ಕೊಟ್ಟರೆ ಹೆಚ್ಚು ಶ್ರುತಿಗೊಂದು ಜೋಡಿ, ತಗ್ಗು ಶ್ರುತಿಗೊಂದು ಜೋಡಿ ಆಗುತ್ತದೆ. ಅವರೂ ಬಡಾವಣೆಯ ಎಳೆಯರೇ ಆಗಿರಲಿ. ಫ್ಲೆಕ್ಸಿನಲ್ಲಿ ಹಾಡುವವರ ಫೋಟೊ ಮಾತ್ರ ಹಾಕಿ ಪಕ್ಕವಾದ್ಯದ ಮಗುವನ್ನು 'ಮತ್ತು ತಂಡ' ಎಂದು ಬರೆಯುವ ಚಾಳಿಯನ್ನೂ ಬಿಡಿ. ಹಣ ಎಲ್ಲಿಂದ ಎಂದರೆ, ಪ್ಲಾಸ್ಟಿಕ್ ಸ್ಮರಣಿಕೆಗಳ ಬಿಲ್ಲನ್ನು ಒಮ್ಮೆ ನೋಡಿ. ಯಾವ ಮಗುವೂ ಅದನ್ನು ಎರಡನೇ ವರ್ಷ ಇಟ್ಟುಕೊಳ್ಳುವುದಿಲ್ಲ.

ಪಾನಕ, ಕೋಸಂಬರಿ ಹಂಚುವ ಉತ್ಸಾಹಿಗಳಲ್ಲೂ ಒಂದು ಮನವಿ. ಐಸ್ ಹಾಕಿದ ಪಾನಕವನ್ನು ಮಕ್ಕಳಿಗೆ ಹಾಡಿದ ಮೇಲೆ ಕೊಡಿ. ಮೊದಲು ಬಿಸಿನೀರು ಇಡಿ.

ಮೇಲೆ ಹೇಳಿದ ಅರ್ಜಿ ಶಿವರಾತ್ರಿಯ ಹೊತ್ತಿಗೆ ಮಕ್ಕಳ ಕೈಸೇರಬೇಕು. ಅಲ್ಲಿಂದ ರಾಮನವಮಿಗೆ ನಲವತ್ತು ದಿನ, ನಡುವೆ ಶಾಲೆಯ ಪರೀಕ್ಷೆಗಳು. ಯುಗಾದಿಯ ದಿನ ಶ್ರುತಿವಾರು ಪಟ್ಟಿಯನ್ನು ದೇವಸ್ಥಾನದ ಬಾಗಿಲಿಗೆ ಅಂಟಿಸಿದರೆ, ಹಳೆಯ ಮುಚ್ಚಿಗೆ ಬದಲಾಯಿಸಿ ಹೊಸದನ್ನು ಪಳಗಿಸಿಕೊಳ್ಳಲು ಮೃದಂಗದವರಿಗೆ ಒಂದು ವಾರವಾದರೂ ಸಿಗುತ್ತದೆ.

– ಬಡಾವಣೆಯ ಸಂಗೀತೋತ್ಸವಗಳಲ್ಲಿ ವೇದಿಕೆಯ ಕೆಲಸ ನೋಡಿಕೊಳ್ಳುವವರು, ಮೈಸೂರು